ಅಪ್ಪುಗೆಯ ಮೊದಲ ಪಾಠ

ಮೂವತ್ತು ನಲವತ್ತು ವರ್ಷಗಳ ಕಾಲ ಯಾರ ಹಂಗೂ ಇಲ್ಲದೆ ನಡೆದಾಡಿದ ಮನುಷ್ಯನಿಗೆ, ‘ಅಯ್ಯಾ, ನಿನಗೆ ನಡೆಯಲು ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅವನಿಗೆ ಸಿಟ್ಟು ಬರುವುದು ಸಹಜ. ‘ನಿನಗೆ ನಿಲ್ಲಲೂ ಬರುವುದಿಲ್ಲ’ ಎಂದರಂತೂ ಅವನು ಎದ್ದು ಮನೆಗೆ ಹೊರಟುಬಿಟ್ಟರೂ ಆಶ್ಚರ್ಯವಿಲ್ಲ. ಆದರೆ ಅರ್ಜೆಂಟೀನಾದ ಟ್ಯಾಂಗೊ ನೃತ್ಯವನ್ನು ಕಲಿಯಹೊರಟವನಿಗೆ ಮೊದಲ ದಿನವೇ ಈ ಎರಡು ಮಾತುಗಳೂ ಒಂದಲ್ಲ ಒಂದು ರೂಪದಲ್ಲಿ ಕಿವಿಗೆ ಬೀಳುತ್ತವೆ. ಅವನು ಕಲಿಯಬಂದದ್ದು ಸಿನಿಮಾಗಳಲ್ಲಿ ಕಂಡ ಮಿಂಚಿನ ತಿರುವುಗಳನ್ನು, ಗಾಳಿಯಲ್ಲಿ ಕಾಲೆಸೆಯುವ ಬೆಡಗನ್ನು. ಅವನಿಗೆ ಅಲ್ಲಿ ದೊರೆಯುವುದಾದರೋ, ಇನ್ನೊಬ್ಬರ ಎದುರಿಗೆ ಹೇಗೆ ನಿಲ್ಲಬೇಕು, ಅವರನ್ನು ಹೇಗೆ ಅಪ್ಪಬೇಕು, ಅಪ್ಪಿದ ಮೇಲೆ ಹೇಗೆ ಹೆಜ್ಜೆಯಿಡಬೇಕು ಎಂಬ ಮೂರು ಸಣ್ಣ ಪಾಠಗಳು. ಈ ಮೂರರಲ್ಲಿ ನಡುವಿನದೇ ಕಠಿಣವಾದದ್ದು.

ನಮ್ಮ ಕಡೆಯ ಓದುಗರಿಗೆ ಆ ಪಾಠದ ಹೆಸರೇ ಕೊಂಚ ಇರಿಸುಮುರಿಸನ್ನುಂಟುಮಾಡಬಹುದು. ನಮ್ಮ ಕೋಲಾಟದಲ್ಲಿ ಕೋಲು ಕೋಲನ್ನು ಮುಟ್ಟುತ್ತದೆಯೇ ಹೊರತು ಆಡುವವರು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಭರತನಾಟ್ಯದಲ್ಲಿ ನಾಯಕನು ಬರುವುದೂ ಮುನಿದು ಹೋಗುವುದೂ ನರ್ತಕಿಯ ಕಣ್ಣಿನಲ್ಲಿಯೇ. ರಂಗದ ಮೇಲೆ ಅವಳೊಬ್ಬಳೇ ಇರುತ್ತಾಳೆ. ಅಪರಿಚಿತರಾದ ಸ್ತ್ರೀಪುರುಷರು ಎದೆಗೆ ಎದೆ ತಾಗುವಂತೆ ನಿಂತು ಸಭೆಯ ನಡುವೆ ಕುಣಿಯುವರೆಂದರೆ ಹುಬ್ಬೇರಿಸದ ಮನೆ ನಮ್ಮಲ್ಲಿ ಅಪರೂಪ.

ಹುಬ್ಬೇರಿಸುವ ವಿಷಯದಲ್ಲಿ ನಾವು ಒಂಟಿಗಳೇನಲ್ಲ. 1816ರಲ್ಲಿ ಲಂಡನ್ನಿನ ರಾಜದರ್ಬಾರಿನ ಸಮಾರಂಭವೊಂದರಲ್ಲಿ ವಾಲ್ಟ್ಸ್ ನೃತ್ಯ ನಡೆದಾಗ, ‘ದಿ ಟೈಮ್ಸ್’ ಪತ್ರಿಕೆ ಅದನ್ನು ಖಂಡಿಸಿ, ಹೆಣ್ಣುಮಕ್ಕಳನ್ನು ಈ ಸೋಂಕಿಗೆ ಒಡ್ಡದಿರಿ ಎಂದು ತಂದೆತಾಯಿಗಳನ್ನು ಎಚ್ಚರಿಸಿತು. ಬೈರನ್ ಕವಿಯನ್ನು ಮಡಿವಂತನೆಂದು ಯಾರೂ ಕರೆದವರಲ್ಲ. ಅಂಥವನೂ ಅದಕ್ಕೆ ಮೂರು ವರ್ಷ ಮೊದಲು, 1813ರಲ್ಲಿ, ಬೇರೊಂದು ಹೆಸರಿನ ಮರೆಯಲ್ಲಿ ನಿಂತು ವಾಲ್ಟ್ಸನ್ನು ಹಳಿಯುವ ವಿಡಂಬನ ಕಾವ್ಯವನ್ನು ಪ್ರಕಟಿಸಿದ್ದ. ನೂರು ವರ್ಷ ಉರುಳುವಷ್ಟರಲ್ಲಿ ವಾಲ್ಟ್ಸು ಮರ್ಯಾದಸ್ಥರ ನೃತ್ಯವಾಗಿ, ಬೈಗುಳವೆಲ್ಲ ಟ್ಯಾಂಗೊವಿನ ಪಾಲಿಗೆ ಬಂದಿತು. ಪ್ಯಾರಿಸ್, ಲಂಡನ್ ನಗರಗಳು ಟ್ಯಾಂಗೊವಿನ ಹುಚ್ಚು ಹಿಡಿದು ಕುಣಿಯುತ್ತಿದ್ದ 1913ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮನು, ತನ್ನ ಸೇನಾಧಿಕಾರಿಗಳು ಸಮವಸ್ತ್ರ ಧರಿಸಿ ಅದನ್ನು ಕುಣಿಯಕೂಡದೆಂದು ಅಪ್ಪಣೆ ಹೊರಡಿಸಿದ. ದೂರ ನಿಂತು ನೋಡುವವರಿಗೆ ಅಪ್ಪುಗೆಯೆಂಬುದು ಯಾವಾಗಲೂ ಸಡಿಲತನದ ಗುರುತು. ಒಳಗೆ ಹೊಕ್ಕು ಕಲಿಯುವವನಿಗೆ ಮಾತ್ರ ಅದು ಎಷ್ಟು ಬಿಗಿಯಾದ ಶಿಸ್ತೆಂಬುದು ತಿಳಿಯುತ್ತದೆ.

ಈ ನೃತ್ಯ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಲಾ ಪ್ಲಾಟಾ ನದೀಮುಖದ ಎರಡು ದಡಗಳ ಬಂದರುಗಳಲ್ಲಿ. ಒಂದು ಅರ್ಜೆಂಟೀನಾದ ಬ್ಯೂನಸ್ ಐರೀಸ್, ಇನ್ನೊಂದು ಯುರುಗ್ವೆಯ ಮಾಂಟೆವಿಡಿಯೊ. ಗುಲಾಮರಾಗಿ ಬಂದ ಆಫ್ರಿಕದವರ ಮಕ್ಕಳ ತಾಳ, ಕ್ಯೂಬಾದಿಂದ ಬಂದ ಹಬನೇರಾದ ಲಯ, ಬಯಲುಸೀಮೆಯ ದನಗಾಹಿಗಳ ಹಾಡು ಇವೆಲ್ಲ ಅಲ್ಲಿ ಬೆರೆತವು. ಜರ್ಮನಿಯಿಂದ ಬಂದ ಬಂದೊನಿಯೊನ್ ಎಂಬ ತಿದಿಯ ವಾದ್ಯ, ನಮ್ಮ ಹಾರ್ಮೋನಿಯಮ್ಮಿನ ದೂರದ ದಾಯಾದಿ, ಅದಕ್ಕೆ ಕೊರಳು ಕೊಟ್ಟಿತು. ಇಟಲಿ, ಸ್ಪೇನ್ ಮುಂತಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಹಡಗು ಹತ್ತಿದ ಲಕ್ಷಾಂತರ ಜನ ಆ ಬಂದರಿಗೆ ಬಂದಿಳಿದರು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರೀಸಿನ ನಿವಾಸಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಪರದೇಶದಲ್ಲಿ ಹುಟ್ಟಿದವರಾಗಿದ್ದರು. ವಲಸೆ ಬಂದವರಲ್ಲಿ ಗಂಡಸರೇ ಹೆಚ್ಚು. ಹೆಂಡಿರು ಮಕ್ಕಳನ್ನು, ತಾಯಿಯನ್ನು ಊರಿನಲ್ಲಿ ಬಿಟ್ಟು, ಒಂದೊಂದು ಕೋಣೆಯಲ್ಲಿ ಹಲವರು ಮಲಗಿ, ಹಗಲೆಲ್ಲ ದುಡಿಯುತ್ತಿದ್ದ ಜನ ಅವರು. ಅಂಥ ಊರಿನಲ್ಲಿ, ಗಳಿಗೆಯ ಮಟ್ಟಿಗಾದರೂ ಇನ್ನೊಂದು ಜೀವದ ಬಿಸುಪನ್ನು ತಿಳಿಯುವ ಅವಕಾಶಕ್ಕೆ ಎಷ್ಟು ಬೆಲೆಯಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯ ಜನ ನೃತ್ಯದ ಈ ನಿಲುವನ್ನು ಕರೆಯುವ ಮಾತೇ ‘ಅಬ್ರಾಸೊ’. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ಅಪ್ಪುಗೆಯೆಂದೇ ಅರ್ಥ. ನಾವು ಕಾಗದದ ಕೊನೆಯಲ್ಲಿ ‘ಇಂತೀ ನಮಸ್ಕಾರಗಳು’ ಎಂದು ಬರೆಯುವಂತೆ ಆ ಭಾಷೆಯವರು ಆಪ್ತರಿಗೆ ಬರೆಯುವ ಕಾಗದವನ್ನು ‘ಒಂದು ಅಬ್ರಾಸೊ’ ಎಂದು ಮುಗಿಸುವುದುಂಟು. ಪರಸ್ಪರ ಭೇಟಿಯಾದಾಗ, ಬೀಳ್ಕೊಡುವಾಗ, ಸಾವಿನ ಮನೆಯಲ್ಲಿ ಮಾತು ಹೊರಡದಿರುವಾಗ ಅವರು ಮಾಡುವುದೂ ಅದನ್ನೇ. ಹೀಗಾಗಿ ನೃತ್ಯಕ್ಕೆಂದು ಪ್ರತ್ಯೇಕವಾದ ಹಿಡಿತವೊಂದನ್ನು ಅವರು ಸೃಷ್ಟಿಸಿಕೊಳ್ಳಲಿಲ್ಲ. ಬಾಳಿನಲ್ಲಿ ಇದ್ದುದನ್ನೇ ಸಂಗೀತದೊಳಕ್ಕೆ ತಂದುಕೊಂಡರು.

ಟ್ಯಾಂಗೊವಿನ ವೈಭವದ ಕಾಲವೆಂದು ಹೇಳುವುದು ಸುಮಾರು 1935ರಿಂದ 1955ರ ವರೆಗಿನ ಇಪ್ಪತ್ತು ವರ್ಷಗಳನ್ನು. ಹ್ವಾನ್ ದಾರಿಯೆನ್ಸೊ, ಕಾರ್ಲೊಸ್ ದಿ ಸಾರ್ಲಿ, ಅನಿಬಾಲ್ ತ್ರೊಯ್ಲೊ, ಒಸ್ವಾಲ್ದೊ ಪುಗ್ಲಿಯೆಸೆ ಮೊದಲಾದವರ ವಾದ್ಯವೃಂದಗಳು ಆ ನಗರವನ್ನು ಕುಣಿಸುತ್ತಿದ್ದ ದಿನಗಳು ಅವು. ಅಂದು ಯುವಕನೊಬ್ಬ ನೃತ್ಯಶಾಲೆಗೆ ಶುಲ್ಕ ಕಟ್ಟಿ ಕಲಿತದ್ದಕ್ಕಿಂತ ಕೇರಿಯ ಕೂಟದಲ್ಲಿ, ಹಿರಿಯ ಗಂಡಸರ ನಡುವೆ ನಿಂತು ಕಲಿತದ್ದೇ ಹೆಚ್ಚು. ಗಂಡಸರೇ ಗಂಡಸರನ್ನು ಅಪ್ಪಿ ಅಭ್ಯಾಸ ಮಾಡುತ್ತಿದ್ದರು. ಆ ಪೀಳಿಗೆಯ ಹಳಬರು ನೆನೆಯುವ ಪ್ರಕಾರ, ಹೊಸಬನು ಮೊದಲು ತಿಂಗಳುಗಟ್ಟಲೆ ಹೆಣ್ಣಿನ ಹೆಜ್ಜೆಗಳನ್ನೇ ಕಲಿಯಬೇಕಾಗಿತ್ತು. ಹಿಂದಕ್ಕೆ ನಡೆಯುವುದು ಎಂಥ ಕಷ್ಟ, ಒರಟನ ತೋಳಿನಲ್ಲಿ ಸಿಕ್ಕಿಕೊಂಡರೆ ಏನು ಪಾಡು ಎಂಬುದು ಮೈಗೆ ಗೊತ್ತಾದ ಮೇಲೆಯೇ ಅವನಿಗೆ ಮುನ್ನಡೆಸುವ ಅಧಿಕಾರ. ಒಬ್ಬಳು ಹೆಣ್ಣುಮಗಳನ್ನು ನೃತ್ಯಕ್ಕೆ ಕರೆಯುವ ದಿನ ಅದಕ್ಕೂ ಅನಂತರ ಬರುತ್ತಿತ್ತು. ವಾಹನ ನಡೆಸುವವರೆಲ್ಲ ಆರು ತಿಂಗಳು ಪಾದಚಾರಿಗಳಾಗಿ ರಸ್ತೆ ದಾಟಿ ತೋರಿಸಬೇಕೆಂಬ ಕಾನೂನು ಇದ್ದಿದ್ದರೆ ನಮ್ಮ ಊರುಗಳು ಎಷ್ಟೋ ಸುಖವಾಗಿರುತ್ತಿದ್ದವು.

ಟ್ಯಾಂಗೊವಿನಲ್ಲಿ ಅಪ್ಪುಗೆ ಎರಡು ಬಗೆ. ನಡುವೆ ಒಂದಿಷ್ಟು ತೆರಪನ್ನು ಬಿಟ್ಟು ಹಿಡಿಯುವುದು ತೆರೆದ ಅಪ್ಪುಗೆ. ಎದೆಯ ಮೇಲ್ಭಾಗ ತಾಗುವಂತೆ ನಿಲ್ಲುವುದು ಮುಚ್ಚಿದ ಅಪ್ಪುಗೆ. ನಗರದ ನಡುವಿನ ಇಕ್ಕಟ್ಟಾದ ಸಭಾಂಗಣಗಳಲ್ಲಿ ಕಾಲಿಡಲು ಸ್ಥಳವಿರಲಿಲ್ಲವಾದ್ದರಿಂದ ಎರಡನೆಯದು ಬೆಳೆಯಿತು. ಅದರಲ್ಲಿ ದೊಡ್ಡ ಹೆಜ್ಜೆಗಳಿಗೆ ಎಡೆಯಿಲ್ಲ. ಒಳ್ಳೆಯ ನರ್ತಕನಿಗೆ ನೆಲದ ಒಂದು ಹಾಸುಬಿಲ್ಲೆಯಷ್ಟು ಜಾಗವಿದ್ದರೆ ಸಾಕೆಂದು ಅಲ್ಲಿ ಒಂದು ಮಾತೇ ಇದೆ. 1990ರ ದಶಕದಲ್ಲಿ ಸುಸಾನಾ ಮಿಲ್ಲರ್ ಮೊದಲಾದ ಶಿಕ್ಷಕರು ಹಳೆಯ ನರ್ತಕರಿಂದ ತಿಳಿದುಕೊಂಡ ಈ ಪದ್ಧತಿಯನ್ನು ಕ್ರಮವಾದ ಪಾಠವನ್ನಾಗಿ ಮಾಡಿ, ಇತರ ದೇಶಗಳವರಿಗೂ ಹೇಳಿಕೊಡತೊಡಗಿದರು.

ಇನ್ನು ಪಾಠಕ್ಕೆ ಬರೋಣ. ಹೊಸಬನೊಬ್ಬ ಶಾಲೆಯ ಮರದ ನೆಲದ ಮೇಲೆ ಬಂದು ನಿಂತಿದ್ದಾನೆ ಎಂದಿಟ್ಟುಕೊಳ್ಳೋಣ. ಅಪ್ಪುಗೆಯೆಂದರೆ ತೋಳುಗಳ ಕೆಲಸವೆಂದು ಅವನು ನಂಬಿರುತ್ತಾನೆ. ಒಳ್ಳೆಯ ಶಿಕ್ಷಕರು ಮೊದಲು ಆ ತೋಳುಗಳನ್ನೇ ಕಸಿದುಕೊಳ್ಳುತ್ತಾರೆ. ಕೈಗಳನ್ನು ಕೆಳಗೆ ಬಿಟ್ಟು, ಎದುರಿಗಿರುವವರ ಸಮೀಪಕ್ಕೆ ಬಂದು, ಮೈಯ ಭಾರವನ್ನು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಮೆಲ್ಲನೆ ಸಾಗಿಸುವುದು ಮೊದಲ ಅಭ್ಯಾಸ. ನೋಡುವವರಿಗೆ ಇದು ಏನೂ ಅಲ್ಲ. ಮಾಡುವವನಿಗೆ ತನ್ನ ಜೀವಮಾನದಲ್ಲಿ ತಾನು ಒಂದು ಸಲವೂ ಒಂದೇ ಕಾಲಿನ ಮೇಲೆ ಪೂರ್ತಿಯಾಗಿ ನಿಂತಿರಲಿಲ್ಲವೆಂಬ ಸತ್ಯ ಆಗ ಗೋಚರವಾಗುತ್ತದೆ. ಅರ್ಧ ಭಾರ ಅಲ್ಲಿ, ಅರ್ಧ ಭಾರ ಇಲ್ಲಿ ಇಟ್ಟುಕೊಂಡು ಕಾಲ ಕಳೆಯುವುದು ನಮ್ಮೆಲ್ಲರ ಅಭ್ಯಾಸ. ಆದರೆ ಎದುರಿಗಿರುವವರಿಗೆ ಅವನ ಭಾರ ಎಲ್ಲಿದೆಯೆಂಬುದು ಗೊತ್ತಾಗದೆ ಯಾವ ಹೆಜ್ಜೆಯೂ ಸಾಧ್ಯವಿಲ್ಲ. ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಮುಖದಲ್ಲಿ ಇನ್ನೊಂದನ್ನು ತೋರಿಸುವ ವಿದ್ಯೆ ಕಚೇರಿಯಲ್ಲಿ ಉಪಯೋಗಕ್ಕೆ ಬಂದೀತು. ಇಲ್ಲಿ ಅದು ಬರಿಯ ಮುಗ್ಗರಿಕೆ.

ಅನಂತರ ಅಪ್ಪುಗೆ. ಮುನ್ನಡೆಸುವವನು ಎಡಗೈಯನ್ನು ಎತ್ತಿ ನೀಡುತ್ತಾನೆ. ಹಿಂಬಾಲಿಸುವವಳು ತನ್ನ ಬಲಗೈಯನ್ನು ಅದರೊಳಗೆ ಇಡುತ್ತಾಳೆ. ಅವನ ಬಲತೋಳು ಅವಳ ಬೆನ್ನನ್ನು, ಹೆಗಲ ಹಲಗೆಯ ಆಸುಪಾಸಿನಲ್ಲಿ, ಶಾಲು ಹೊದಿಸಿದಷ್ಟು ಹಗುರವಾಗಿ ಬಳಸುತ್ತದೆ. ಅವಳ ಎಡತೋಳು ಅವನ ಭುಜದ ಮೇಲೆ ಹಾಯ್ದು ಬೆನ್ನಿನ ಮೇಲೆ ನೆಲಸುತ್ತದೆ. ಎದೆಯ ಮೇಲ್ಭಾಗಗಳು ತಾಗುತ್ತವೆ, ತಲೆಗಳು ಪಕ್ಕಪಕ್ಕಕ್ಕೆ ಬರುತ್ತವೆ. ಆದರೆ ಸೊಂಟಗಳು ದೂರ, ಪಾದಗಳು ಇನ್ನೂ ದೂರ. ಹಂಚಿನ ಮನೆಯ ಮಾಡಿನಲ್ಲಿ ಎರಡು ಕಡೆಯ ಪಕ್ಕಾಸುಗಳು ಮೇಲೆ ಕೂಡಿ ಕೆಳಗೆ ಅಗಲವಾಗಿ ನಿಂತಿರುವುದನ್ನು ನೋಡಿದವರಿಗೆ ಈ ಆಕಾರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಇಬ್ಬರ ಭಾರವೂ ಪಾದದ ಮುಂಭಾಗದ ಕಡೆಗೆ ಬಂದಿರುತ್ತದೆ. ಹಿಮ್ಮಡಿ ನೆಲವನ್ನು ಬಿಟ್ಟಿರಬೇಕಾಗಿಲ್ಲ.

ಪಕ್ಕಾಸುಗಳಿಗೂ ನರ್ತಕರಿಗೂ ಇರುವ ಒಂದು ವ್ಯತ್ಯಾಸದಲ್ಲಿ ಪಾಠದ ಸಾರವೆಲ್ಲ ಅಡಗಿದೆ. ಒಂದು ಕಡೆಯ ಪಕ್ಕಾಸನ್ನು ಕಿತ್ತರೆ ಇನ್ನೊಂದು ಕಡೆಯದು ಉರುಳಿ ಬೀಳುತ್ತದೆ. ನರ್ತಕರಲ್ಲಿ ಒಬ್ಬರು ಫಕ್ಕನೆ ಸರಿದುಕೊಂಡರೆ ಇನ್ನೊಬ್ಬರು ಬೀಳಕೂಡದು. ತಮ್ಮ ಕಾಲಿನ ಮೇಲೆ ತಾವು ನಿಂತೇ ಇರಬೇಕು. ಶಿಕ್ಷಕರು ಇದನ್ನು ಪರೀಕ್ಷಿಸುವುದೂ ಉಂಟು. ಜೋಡಿ ನಿಂತಿರುವಾಗ ಒಬ್ಬರಿಗೆ ಹಿಂದೆ ಸರಿಯುವಂತೆ ಸನ್ನೆ ಮಾಡುತ್ತಾರೆ. ಮುಗ್ಗರಿಸಿದವನು ಅಪ್ಪಿಕೊಂಡಿರಲಿಲ್ಲ, ಒರಗಿಕೊಂಡಿದ್ದನೆಂದು ತಿಳಿಯುತ್ತದೆ. ಹೊಸಬನಿಗೆ ನಾಚಿಕೆಯಾಗುವ ಗಳಿಗೆ ಇದು. ತಾನು ಪ್ರೀತಿಯೆಂದೂ ಆಸರೆಯೆಂದೂ ತಿಳಿದಿದ್ದರ ಬಹುಭಾಗ ತನ್ನ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸುವುದೇ ಆಗಿತ್ತೆಂದು ಅವನಿಗೆ ತೋರಿದರೆ, ಆ ಯೋಚನೆ ನೃತ್ಯಶಾಲೆಯ ಬಾಗಿಲು ದಾಟಿ ಅವನ ಮನೆಯವರೆಗೂ ಬಂದೀತು.

ನಿಲ್ಲುವುದು ಒಂದಿಷ್ಟು ಕೈಗೂಡಿದ ಮೇಲೆ ನಡಿಗೆ. ಇಲ್ಲಿ ಭಯ ಪ್ರವೇಶಿಸುತ್ತದೆ. ಅವನು ಮುಂದಕ್ಕೆ ನಡೆಯಬೇಕು, ಅವಳು ಹಿಂದಕ್ಕೆ. ಅವಳ ಕಾಲನ್ನು ತುಳಿದುಬಿಟ್ಟರೇನು ಗತಿಯೆಂದು ಅವನು ತಲೆ ಬಗ್ಗಿಸಿ ನೆಲವನ್ನು ನೋಡುತ್ತಾನೆ. ತಲೆ ಬಗ್ಗಿದೊಡನೆ ಎದೆ ಒಳಕ್ಕೆ ಕುಸಿಯುತ್ತದೆ. ಎದೆಯಿಂದ ಅವಳಿಗೆ ತಲುಪಬೇಕಾಗಿದ್ದ ಸುದ್ದಿ ತಲುಪುವುದಿಲ್ಲ. ಸುದ್ದಿ ತಲುಪದ ಅವಳ ಕಾಲು ಇದ್ದಲ್ಲಿಯೇ ಇರುತ್ತದೆ. ಅಳುಕುತ್ತ ಮೊದಲು ಮುಂದೆ ಬಂದ ಅವನ ಕಾಲು ಅವಳ ಬೆರಳಿನ ಮೇಲೆಯೇ ಇಳಿಯುತ್ತದೆ. ತುಳಿಯಬಾರದೆಂಬ ಭಯವೇ ತುಳಿಸುತ್ತದೆ. ಇದಕ್ಕಿರುವ ಮದ್ದು ಹೊಸಬನಿಗೆ ಹುಚ್ಚುತನವೆಂದೇ ತೋರಬಹುದು: ನೆಲವನ್ನು ನೋಡಬೇಡ, ಅಳುಕಬೇಡ, ಮೊದಲು ಎದೆ ಹೊರಡಲಿ, ಅದರ ಹಿಂದೆ ಕಾಲು ಬರಲಿ, ಅವಳು ನಿಂತಿರುವ ಜಾಗಕ್ಕೇ ನೇರವಾಗಿ ನಡೆ. ಹಾಗೆ ನಡೆದಾಗ ಅವನ ಉದ್ದೇಶ ಅವನ ಕಾಲಿಗಿಂತ ಮುಂಚೆ ಅವಳನ್ನು ಮುಟ್ಟುತ್ತದೆ. ಅವಳ ಕಾಲು ಸೊಂಟದಿಂದಲೇ ಬಿಡಿಸಿಕೊಂಡು ಹಿಂದಕ್ಕೆ ಚಾಚುತ್ತದೆ. ಅವನು ಬಂದು ಸೇರುವಾಗ ಆ ಜಾಗ ತೆರವಾಗಿರುತ್ತದೆ.

ಹೊಸಬರ ಇತರ ತಪ್ಪುಗಳಿಗೆ ಲೆಕ್ಕವಿಲ್ಲ. ಒಬ್ಬನು ಬಲಗೈಯಿಂದ ಸಂಗಾತಿಯನ್ನು ಬೀರುವನ್ನು ಸರಿಸಿದಂತೆ ಸರಿಸುತ್ತಾನೆ. ಇನ್ನೊಬ್ಬನು ಎಡಗೈಯನ್ನು ಕೊಳಾಯಿ ಪಂಪಿನಂತೆ ಮೇಲೆ ಕೆಳಗೆ ಆಡಿಸುತ್ತಾನೆ. ಮತ್ತೊಬ್ಬನು ಹೆಗಲನ್ನು ಕಿವಿಯವರೆಗೆ ಏರಿಸಿ, ಉಸಿರು ಬಿಗಿಹಿಡಿದು, ಹಾಡು ಮುಗಿಯುವವರೆಗೂ ಪರೀಕ್ಷೆಯ ಕೊಠಡಿಯಲ್ಲಿರುವಂತೆ ಇರುತ್ತಾನೆ. ಉಸಿರಾಡದವನನ್ನು ಅಪ್ಪಿಕೊಳ್ಳುವುದು ಕಂಬವನ್ನು ಅಪ್ಪಿಕೊಂಡಂತೆ. ಹಿಂಬಾಲಿಸಲು ಕಲಿಯುವವರ ತಪ್ಪುಗಳು ಬೇರೆ. ಕುತ್ತಿಗೆಗೆ ಜೋತುಬೀಳುವುದು ಒಂದು. ಕಾಯದೆ ಮುಂದಿನ ಹೆಜ್ಜೆಯನ್ನು ಊಹಿಸಿ ಮಾಡಿಬಿಡುವುದು ಇನ್ನೊಂದು. ಎದುರಿನವರು ವಾಕ್ಯ ಮುಗಿಸುವ ಮೊದಲೇ ‘ಗೊತ್ತು, ಗೊತ್ತು’ ಎನ್ನುವ ಜಾಣ ವಿದ್ಯಾರ್ಥಿಗಳ ತಪ್ಪಿನಂಥದು ಇದು. ಹಿಂಬಾಲಿಸುವುದೆಂದರೆ ಕೈಗೊಂಬೆಯಾಗುವುದೆಂದು ತಿಳಿದವರಿಗೂ ಆಶ್ಚರ್ಯ ಕಾದಿದೆ. ಹೆಜ್ಜೆಯ ಸೂಚನೆ ಅವನದಾದರೂ ಹೆಜ್ಜೆ ಅವಳದು. ಅದನ್ನು ಎಷ್ಟು ನಿಧಾನವಾಗಿ ಇಡಬೇಕು, ಎಲ್ಲಿ ಮುಗಿಸಬೇಕು ಎಂಬುದು ಅವಳ ಕೈಯಲ್ಲಿದೆ. ಅವಳ ಹೆಜ್ಜೆ ಮುಗಿಯುವವರೆಗೆ ಕಾದಿರುವವನೇ ಒಳ್ಳೆಯ ನಾಯಕ. ಈಚಿನ ವರ್ಷಗಳಲ್ಲಿ ಈ ಎರಡು ಪಾತ್ರಗಳನ್ನೂ ಹೆಂಗಸರು ಗಂಡಸರೆನ್ನದೆ ಯಾರು ಬೇಕಾದರೂ ಕಲಿಯುವ ರೂಢಿ ಬೆಳೆದಿದೆ. ಹಳೆಯ ಕೇರಿಯ ಕೂಟದ ಬುದ್ಧಿವಂತಿಕೆಗೆ ಇದು ಹೊಸದೊಂದು ರೂಪವೆನ್ನಬಹುದು.

ನಡಿಗೆಯ ಪಾಠಕ್ಕೆ ಶಿಕ್ಷಕರು ಬಹುಮಟ್ಟಿಗೆ ಆಯ್ದುಕೊಳ್ಳುವುದು ದಿ ಸಾರ್ಲಿಯ ವಾದ್ಯವೃಂದವನ್ನು. ಅದರ ತಾಳ ಗಂಭೀರ, ಸ್ಪಷ್ಟ, ಹೆಜ್ಜೆಗೆ ಅವಸರವಿಲ್ಲ. ‘ತಾಳದ ದೊರೆ’ಯೆಂದು ಬಿರುದು ಪಡೆದ ದಾರಿಯೆನ್ಸೊವಿನ ಸಂಗೀತ ಚುರುಕು, ಅದು ಕಾಲು ಪಳಗಿದವರಿಗೆ. ಸಂಗೀತ ಬಂದ ಕೂಡಲೆ ಹೊಸಬನಿಗೆ ತಾಳದ ಪ್ರತಿಯೊಂದು ಪೆಟ್ಟಿಗೂ ಒಂದು ಹೆಜ್ಜೆ ಹಾಕಬೇಕೆಂಬ ತವಕ. ಸುಮ್ಮನೆ ನಿಲ್ಲುವುದೂ ನೃತ್ಯವೇ ಎಂಬುದನ್ನು ಅವನು ತಡವಾಗಿ ಕಲಿಯುತ್ತಾನೆ. ಪಿಟೀಲಿನ ಎಳೆಯೊಂದು ಉದ್ದಕ್ಕೆ ಸಾಗುವಾಗ ಇಬ್ಬರೂ ನಿಂತು, ಕೇವಲ ಉಸಿರಾಡಿ, ಮುಂದಿನ ಪೆಟ್ಟಿಗೆ ಹೊರಡುವುದುಂಟು. ಆ ಮೌನದಲ್ಲಿ ನಡುಗದೆ ನಿಲ್ಲಲು, ಮೊದಲ ದಿನ ಬೇಸರದಿಂದ ಮಾಡಿದ ಒಂಟಿಕಾಲಿನ ಅಭ್ಯಾಸ ನೆರವಿಗೆ ಬರುತ್ತದೆ.

ಇಷ್ಟನ್ನು ಕಲಿತವನು ಒಂದು ದಿನ ‘ಮಿಲೊಂಗ’ಕ್ಕೆ, ಎಂದರೆ ನೃತ್ಯಕೂಟಕ್ಕೆ ಹೋಗುತ್ತಾನೆ. ಅಲ್ಲಿಯ ನಡವಳಿಕೆಯನ್ನು ಕಂಡರೆ ಚಕ್ರವರ್ತಿ ವಿಲ್‌ಹೆಲ್ಮನೂ ತನ್ನ ಅಪ್ಪಣೆಯನ್ನು ಹಿಂತೆಗೆದುಕೊಳ್ಳುತ್ತಿದ್ದನೇನೊ. ಬ್ಯೂನಸ್ ಐರೀಸಿನ ಸಂಪ್ರದಾಯದಂತೆ ಪುರುಷನು ಹೆಂಗಸಿನ ಮೇಜಿನ ಬಳಿ ಹೋಗಿ ಕೈ ಚಾಚುವಂತಿಲ್ಲ. ದೂರದಿಂದಲೇ ನೋಡುತ್ತಾನೆ. ಅವಳಿಗೆ ಇಷ್ಟವಿದ್ದರೆ ಅವಳೂ ನೋಡುತ್ತಾಳೆ. ಆಗ ಅವನು ತಲೆಯನ್ನು ಸ್ವಲ್ಪವೇ ಆಡಿಸಿ ಕರೆಯುತ್ತಾನೆ. ಅವಳು ಒಪ್ಪಿ ತಲೆದೂಗುತ್ತಾಳೆ. ಇಷ್ಟವಿಲ್ಲದಿದ್ದರೆ ಅವಳ ದೃಷ್ಟಿ ಬೇರೆಲ್ಲಿಯೋ ಇರುತ್ತದೆ. ಕೇಳಿದ್ದೂ ಯಾರಿಗೂ ತಿಳಿಯದು, ನಿರಾಕರಿಸಿದ್ದೂ ಯಾರಿಗೂ ತಿಳಿಯದು. ಸಭೆಯಲ್ಲಿ ಯಾರ ಮುಖವೂ ಕೆಂಪಾಗುವುದಿಲ್ಲ. ಮಾತಿಲ್ಲದೆ ‘ಬೇಡ’ ಎನ್ನುವ ಹಕ್ಕನ್ನೂ, ಅದನ್ನು ಮಾತಿಲ್ಲದೆ ಒಪ್ಪಿಕೊಳ್ಳುವ ಕರ್ತವ್ಯವನ್ನೂ ಇಷ್ಟು ಅಚ್ಚುಕಟ್ಟಾಗಿ ಏರ್ಪಡಿಸಿದ ಕೂಟಗಳು ಹೆಚ್ಚಿಲ್ಲ.

ಹಾಡುಗಳನ್ನು ಮೂರು ಅಥವಾ ನಾಲ್ಕರ ಗುಚ್ಛಗಳಾಗಿ ನುಡಿಸುತ್ತಾರೆ. ಗುಚ್ಛ ಮುಗಿದೊಡನೆ ಬೇರೆ ಜಾತಿಯ ತುಣುಕು ಸಂಗೀತವೊಂದು ಬರುತ್ತದೆ. ಅದಕ್ಕೆ ಅವರು ಇಟ್ಟ ಹೆಸರಿಗೆ ‘ತೆರೆ’ಯೆಂದೇ ಅರ್ಥ, ಬಯಲಾಟ ನೋಡಿದ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಲ್ಲ. ತೆರೆ ಬಂದಾಗ ಜೋಡಿಗಳು ಬೇರ್ಪಟ್ಟು ತಂತಮ್ಮ ಮೇಜುಗಳಿಗೆ ಮರಳುತ್ತಾರೆ. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಕೂಡ ಅಪ್ಪುಗೆಯನ್ನು ಬಿಡಿಸಿಕೊಂಡು ನಿಂತು ಎರಡು ಮಾತಾಡುವುದು ವಾಡಿಕೆ; ಸಂಗೀತವಿಲ್ಲದಾಗ ಅಪ್ಪಿ ನಿಲ್ಲುವುದು ಸಭ್ಯತೆಯಲ್ಲ. ಗುಚ್ಛ ಮುಗಿಯುವ ಮೊದಲೇ ಯಾರಾದರೂ ‘ಗ್ರಾಸಿಯಾಸ್’, ಎಂದರೆ ಕೃತಜ್ಞತೆಗಳು ಎಂದರೆ, ಇಲ್ಲಿಗೆ ಸಾಕೆಂದು ಅರ್ಥ. ತಿಳಿಯದ ಹೊಸಬ ಮೊದಲ ಹಾಡು ಮುಗಿದೊಡನೆ ಸೌಜನ್ಯಕ್ಕೆಂದು ಆ ಮಾತನ್ನಾಡಿ, ಸಂಗಾತಿ ತಿರುಗಿ ಹೊರಟುಹೋದದ್ದೇಕೆಂದು ತಬ್ಬಿಬ್ಬಾಗುವುದುಂಟು. ಅಪ್ಪುಗೆಯ ನೆಪದಲ್ಲಿ ಅತಿಕ್ರಮಿಸುವ ಗಂಡಸಿಗೂ ಅದೇ ಒಂದು ಮಾತು ಸಾಕು. ಅನಂತರ ಆ ಸಂಜೆ ಯಾವ ಕಣ್ಣೂ ಅವನ ಕಡೆಗೆ ತಿರುಗದಿರಬಹುದು. ಎಷ್ಟು ಹತ್ತಿರ ನಿಲ್ಲಬೇಕೆಂಬುದನ್ನು ಇಬ್ಬರಲ್ಲಿ ಹೆಚ್ಚು ದೂರವನ್ನು ಬಯಸುವವರು ನಿರ್ಧರಿಸಬೇಕೆಂದು ಇಂದಿನ ಒಳ್ಳೆಯ ಶಿಕ್ಷಕರು ಮೊದಲ ಪಾಠದಲ್ಲಿಯೇ ಹೇಳುತ್ತಾರೆ. ಮಿಂದು ಬರುವುದು, ಒಗೆದ ಅಂಗಿ ತೊಡುವುದು, ಬೆವರಿದರೆ ಬದಲಾಯಿಸಲು ಇನ್ನೊಂದು ಅಂಗಿಯನ್ನು ತರುವುದು ಕೂಡ ಪಾಠದ ಭಾಗವೇ.

1955ರಲ್ಲಿ ಅರ್ಜೆಂಟೀನಾದ ಸರಕಾರ ಸೈನಿಕ ಕ್ರಾಂತಿಯಿಂದ ಉರುಳಿದ ಬಳಿಕ ಟ್ಯಾಂಗೊವಿನ ಭಾಗ್ಯವೂ ಇಳಿಯಿತು. ರಾಕ್ ಸಂಗೀತಕ್ಕೆ ಮಾರುಹೋದ ತರುಣರು ಅಪ್ಪುಗೆಯನ್ನು ಬಿಟ್ಟು ಬಿಡಿಬಿಡಿಯಾಗಿ ಕುಣಿಯತೊಡಗಿದರು. 1983ರಲ್ಲಿ ‘ಟ್ಯಾಂಗೊ ಅರ್ಜೆಂಟಿನೊ’ ಎಂಬ ಪ್ರದರ್ಶನ ಪ್ಯಾರಿಸ್ಸಿನಲ್ಲಿ ಜಯಭೇರಿ ಹೊಡೆದು, 1985ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋದ ಮೇಲೆ ಲೋಕ ಮತ್ತೆ ಈ ಕಡೆ ತಿರುಗಿತು. ಕೇರಿಯ ಕೂಟಗಳಲ್ಲಿ ಹಿಂದೆ ಕಲಿತಿದ್ದ ಯುವಕರು ಆ ವೇಳೆಗೆ ನರೆಗೂದಲಿನವರಾಗಿದ್ದರು. ಕಲಿಯಬಂದ ಪರದೇಶಿಗಳಿಗೆ ಗುರುಗಳಾದರು. 2009ರಲ್ಲಿ ಅರ್ಜೆಂಟೀನಾ ಮತ್ತು ಯುರುಗ್ವೆಗಳ ಜಂಟಿ ಮನವಿಯ ಮೇರೆಗೆ ಯುನೆಸ್ಕೊ ಸಂಸ್ಥೆ ಟ್ಯಾಂಗೊವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು, ಟ್ಯಾಂಗೊ ಕಲಿತ ಪಾರ್ಕಿನ್ಸನ್ ರೋಗಿಗಳಲ್ಲಿ ಮೈಯ ಸಮತೋಲ ಉತ್ತಮಗೊಂಡಿತೆಂದು ಪ್ರಕಟಿಸಿದರು. ನಡೆಯುವುದು, ನಿಲ್ಲುವುದು, ಹಿಂದಕ್ಕೆ ಹೆಜ್ಜೆಯಿಡುವುದು, ಮತ್ತೆ ಹೊರಡುವುದು: ಆ ರೋಗ ಯಾವುದನ್ನು ಕಸಿದುಕೊಳ್ಳುತ್ತದೆಯೋ ಅದನ್ನೇ ಈ ನೃತ್ಯ ದಿನದಿನವೂ ಬೇಡುತ್ತದೆ.

ಈ ವಿದ್ಯೆಯನ್ನು ಒಬ್ಬರೇ ಕಲಿಯಲಾಗದೆಂಬುದು 2020ರ ಮಾರ್ಚಿಯಲ್ಲಿ ಕಹಿಯಾಗಿಯೇ ಅರಿವಾಯಿತು. ಕೊರೊನಾ ಸಾಂಕ್ರಾಮಿಕ ಹಬ್ಬಿ ಬ್ಯೂನಸ್ ಐರೀಸಿನ ನೃತ್ಯಕೂಟಗಳೆಲ್ಲ ಬಾಗಿಲು ಮುಚ್ಚಿದವು. ತಿರುವುಗಳನ್ನು, ಒಂಟಿಕಾಲಿನ ನಿಲುವನ್ನು ಅಡುಗೆಮನೆಯಲ್ಲಿ ಕಟ್ಟೆ ಹಿಡಿದುಕೊಂಡು ಅಭ್ಯಾಸ ಮಾಡಬಹುದು. ಅಪ್ಪುಗೆಯ ಅಭ್ಯಾಸಕ್ಕೆ ಎರಡನೆಯ ಜೀವವೊಂದು ಬೇಕೇ ಬೇಕು. ವಾರಕ್ಕೆರಡು ಸಂಜೆ ನಾಲ್ಕಾರು ಹಾಡುಗಳ ಕಾಲ ಮಾತ್ರ ಇನ್ನೊಬ್ಬರ ಸ್ಪರ್ಶವನ್ನು ಕಾಣುತ್ತಿದ್ದ ವೃದ್ಧರು, ವಿಧುರರು, ವಿಧವೆಯರು ಅಂಥ ಕೂಟಗಳಲ್ಲಿ ಕಡಮೆಯೇನಿರಲಿಲ್ಲ. ಅವರು ಕಳೆದುಕೊಂಡದ್ದು ಬರಿಯ ಮನರಂಜನೆಯೆಂದು ಹೇಳುವವರು ಒಂಟಿತನದ ಮನೆಯನ್ನು ಹೊಕ್ಕು ನೋಡಿದವರಲ್ಲ.

ಹೊಸಬನ ಕಥೆಯನ್ನು ಮುಗಿಸೋಣ. ತಿಂಗಳುಗಳ ಕಾಲ ತುಳಿದು, ಕ್ಷಮೆ ಕೇಳಿ, ನಾಚಿ, ಬಿಟ್ಟುಬಿಡಬೇಕೆಂದು ಹತ್ತು ಸಲ ನಿಶ್ಚಯಿಸಿದ ಮೇಲೆ ಅವನಿಗೊಂದು ಸಂಜೆ ಬರುತ್ತದೆ. ಗಾನತಟ್ಟೆಯ ಒಂದು ಮಗ್ಗುಲಿನಷ್ಟು, ಸುಮಾರು ಮೂರು ನಿಮಿಷಗಳ ಹಾಡು. ಅದರಲ್ಲಿ ಅವನು ಒಂದು ತಿರುವನ್ನೂ ತಿರುಗಿರುವುದಿಲ್ಲ. ನಡೆದಿರುತ್ತಾನೆ, ನಿಂತಿರುತ್ತಾನೆ, ಮತ್ತೆ ನಡೆದಿರುತ್ತಾನೆ; ಸಭಾಂಗಣದ ಸುತ್ತ ಗಡಿಯಾರದ ಮುಳ್ಳಿಗೆ ಎದುರುಮುಖವಾಗಿ ಸಾಗುವ ಜೋಡಿಗಳ ಸಾಲಿನಲ್ಲಿ ಯಾರಿಗೂ ತಾಗದೆ ಒಂದು ಸುತ್ತು ಬಂದಿರುತ್ತಾನೆ. ನಡುವೆ ಯಾವಾಗಲೋ ಅವನ ಗಮನಕ್ಕೆ ಒಂದು ಸಂಗತಿ ಬರುತ್ತದೆ: ಸಂಗಾತಿ ಕಣ್ಣು ಮುಚ್ಚಿದ್ದಾಳೆ. ಹೆಸರು ಕೂಡ ಸರಿಯಾಗಿ ತಿಳಿಯದ ಒಬ್ಬ ಮನುಷ್ಯಳು, ಕಾಣದ ದಿಕ್ಕಿಗೆ ಹಿಂದುಹಿಂದಾಗಿ ನಡೆಯುತ್ತ, ಇಬ್ಬರ ಪರವಾಗಿ ನೋಡುವ ಕೆಲಸವನ್ನು ಅವನಿಗೆ ಒಪ್ಪಿಸಿಬಿಟ್ಟಿದ್ದಾಳೆ. ತನ್ನ ಭಾರವನ್ನು ಮಾತ್ರ ಅವಳು ಅವನಿಗೆ ಒಪ್ಪಿಸಿಲ್ಲ. ಅದು ಅವಳ ಪಾದಗಳ ಮೇಲೆಯೇ ಇದೆ. ಅವನ ಭಾರ ಅವನ ಪಾದಗಳ ಮೇಲಿದೆ.

ಅವನು ತಲೆಯೆತ್ತಿ ಮುಂದೆ ನೋಡುತ್ತಾನೆ. ಎದುರಿನ ಜೋಡಿ ನಿಂತಿದ್ದರೆ ತಾನೂ ನಿಲ್ಲುತ್ತಾನೆ. ಹಾಡು ಮುಗಿದು, ಗುಚ್ಛವೂ ಮುಗಿದು, ತೆರೆಯ ಸಂಗೀತ ಕೇಳಿಬಂದಾಗ ಅವಳನ್ನು ಮೇಜಿನವರೆಗೆ ಕಳುಹಿಸಿ, ಈ ಬಾರಿ ಸರಿಯಾದ ಹೊತ್ತಿನಲ್ಲಿಯೇ ‘ಗ್ರಾಸಿಯಾಸ್’ ಎನ್ನುತ್ತಾನೆ.